ಸ್ಪ್ಯಾನರ್‌ಗೂ ಒಂದು ಜಾತಕ ಇರುತ್ತದೆ

ವಿಮಾನ ರಿಪೇರಿ ಮಾಡುವ ಹ್ಯಾಂಗರ್‌ಗೆ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಇನ್ಸ್‌ಪೆಕ್ಟರ್ ಬಂದರು ಅಂದ್ರೆ ಮೊದಲು ವಿಮಾನದ ಸುತ್ತ ಒಂದು ಸುತ್ತು ಹಾಕುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅವರು ಬಿಡದೆ ನೋಡುವ ಇನ್ನೊಂದು ಜಾಗ ಇದೆ. ಅದು ಮೂಲೆಯಲ್ಲಿರುವ ಟೂಲ್ ಸ್ಟೋರ್. ಅಲ್ಲೊಂದು ಡ್ರಾಯರ್ ಎಳೆದು, ಕೈಗೆ ಸಿಕ್ಕ ಟಾರ್ಕ್ ರೆಂಚ್, ಅಂದ್ರೆ ಬೋಲ್ಟನ್ನು ಅಳತೆ ಪ್ರಕಾರ ಬಿಗಿ ಮಾಡುವ ಟೂಲ್, ಎತ್ತಿಕೊಳ್ಳುತ್ತಾರೆ. ಅದರ ಮೈಮೇಲೆ ಕೊರೆದ ನಂಬರ್ ಇರುತ್ತದೆ. ಪಕ್ಕದಲ್ಲಿ ಒಂದು ಪುಟ್ಟ ಸ್ಟಿಕರ್, ಅದರ ಮೇಲೊಂದು ತಾರೀಕು. ಆಮೇಲೆ ಪ್ರಶ್ನೆ ಶುರು. ಈ ನಂಬರ್ ನಿಮ್ಮ ರಿಜಿಸ್ಟರ್‌ನಲ್ಲಿ ಎಲ್ಲಿದೆ? ಕೊನೆಯ ಸಲ ಇದನ್ನು ಪರೀಕ್ಷೆ ಮಾಡಿದ್ದು ಯಾವ ಲ್ಯಾಬು? ಆ ಲ್ಯಾಬನ್ನು ನೀವು ನಂಬಿದ್ದು ಯಾವ ಆಧಾರದ ಮೇಲೆ? ಹೋದ ವಾರ ಇದನ್ನು ತೆಗೆದುಕೊಂಡು ಹೋದವರು ಯಾರು, ಯಾವ ವಿಮಾನಕ್ಕೆ, ಯಾವ ಬೋಲ್ಟಿಗೆ?

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕಲ್ವಾ, ಹಾಗೆ. ಒಂದು ರೆಂಚಿನ ಜಾತಕ ಸರಿಯಾಗಿ ಬಿಚ್ಚಿಕೊಂಡರೆ ಸಂಸ್ಥೆಯ ಉಳಿದ ವ್ಯವಹಾರವೂ ಅಂದಾಜಿಗೆ ಸಿಗುತ್ತದೆ.

ಇದರ ಹಿಂದೆ ಇರುವ ಕಾನೂನು ದೊಡ್ಡದೇನಲ್ಲ. ಭಾರತದಲ್ಲಿ ವಿಮಾನ ರಿಪೇರಿ ಸಂಸ್ಥೆಗಳಿಗೆ ಡಿಜಿಸಿಎ ಒಪ್ಪಿಗೆ ಕೊಡುವುದು ಸಿಎಆರ್-145 ಅನ್ನುವ ನಿಯಮಾವಳಿಯ ಅಡಿ. ಅದು ಯುರೋಪಿನ ಪಾರ್ಟ್-145ರ ಮಾದರಿಯಲ್ಲೇ ಇದೆ. ಟೂಲ್ ವಿಷಯ ಇರುವುದು 145.ಎ.40 ಅನ್ನುವ ಕಲಮಿನಲ್ಲಿ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಹತ್ತಿರವೂ ಇದೇ ಅರ್ಥದ ನಿಯಮ ಇದೆ, ನಂಬರ್ 145.109. ಮಾತು ಬೇರೆ ಬೇರೆ, ತಿರುಳು ಒಂದೇ. ಒಪ್ಪಿಗೆ ಪಡೆದ ಕೆಲಸಕ್ಕೆ ಬೇಕಾದ ಟೂಲ್ ನಿಮ್ಮ ಹತ್ತಿರ ಇರಬೇಕು. ತಯಾರಕರು ಇಂಥದ್ದೇ ಟೂಲ್ ಅಂತ ಹೇಳಿದ್ದರೆ ಅದನ್ನೇ ಬಳಸಬೇಕು, ಇಲ್ಲವೇ ಸರಿಸಮ ಅಂತ ಒಪ್ಪಿಸಿಕೊಂಡ ಬದಲಿಯನ್ನು. ಅಳತೆ ಮಾಡುವ ಟೂಲ್‌ಗಳನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ದಾಖಲೆ ಇಡಬೇಕು. ದೊಡ್ಡ ರಿಪೇರಿ ಮಾಡುವವರ ಹತ್ತಿರ ವಿಮಾನದ ಮೇಲೆ ಹತ್ತಿ ನಿಂತು ನೋಡೋಕೆ ಸರಿಯಾದ ಅಟ್ಟಣೆಯೂ ಇರಬೇಕು.

ಇಷ್ಟನ್ನೇ ತನ್ನ ಹ್ಯಾಂಗರ್‌ನಲ್ಲಿ ಹೇಗೆ ಮಾಡುತ್ತೇನೆ ಅಂತ ಪ್ರತಿ ಸಂಸ್ಥೆ ಒಂದು ಕೈಪಿಡಿಯಲ್ಲಿ ಬರೆದುಕೊಡಬೇಕು. ಅದಕ್ಕೆ ಎಂಒಇ ಅಂತ ಹೆಸರು. ಅದರಲ್ಲಿ 2.4ನೇ ಭಾಗ ಟೂಲ್ ಒಳಗೆ ಬರುವಾಗಿನ ತಪಾಸಣೆ, 2.5 ಕ್ಯಾಲಿಬ್ರೇಶನ್, ಅಂದ್ರೆ ಟೂಲ್‌ನ ಅಳತೆ ಸರಿ ಇದೆಯಾ ಅಂತ ನೋಡುವ ಪರೀಕ್ಷೆ, 2.6 ಬಳಕೆ ಮತ್ತು ಬದಲಿ ಟೂಲ್. ಇನ್ಸ್‌ಪೆಕ್ಟರ್ ಕೈಯಲ್ಲಿರುವುದು ಇದೇ ಪುಸ್ತಕ. ಅಂದರೆ ಅವರು ಕೇಳುವುದು ಹೆಚ್ಚಾಗಿ ತಮ್ಮ ಪ್ರಶ್ನೆಯನ್ನಲ್ಲ. ‘ನೀವೇ ಹೀಗೆ ಬರೆದಿದ್ದೀರಿ, ತೋರಿಸಿ’ ಅನ್ನೋದು.

ಸೇನೆಯ ವಿಮಾನಗಳ ಲೆಕ್ಕ ಬೇರೆ. ಬೆಂಗಳೂರಲ್ಲೇ ಇರುವ ಸೆಮಿಲ್ಯಾಕ್, ದೆಹಲಿಯಲ್ಲಿ ಕೇಂದ್ರ ಕಚೇರಿ ಇರುವ ಡಿಜಿಎಕ್ಯೂಎ ಥರದ ರಕ್ಷಣಾ ಸಂಸ್ಥೆಗಳ ಕೆಲಸ ಅದು. ಇಲ್ಲಿ ನಾನು ಹೇಳುತ್ತಿರುವುದು ನೀವು ನಾವು ಟಿಕೆಟ್ ತೆಗೆದುಕೊಂಡು ಹತ್ತುವ ವಿಮಾನಗಳ ವಿಷಯ.

ಒಂದು ರೆಂಚಿಗೆ ಇಷ್ಟೆಲ್ಲ ಯಾಕೆ? ಸ್ಕೂಟರ್ ಗ್ಯಾರೇಜಿನಲ್ಲಿ ನಟ್ಟನ್ನು ಕೈಯಳತೆಯಲ್ಲಿ ಬಿಗಿ ಮಾಡುತ್ತಾರೆ, ನಡೆಯುತ್ತದೆ. ವಿಮಾನದಲ್ಲಿ ನಡೆಯೋಲ್ಲ. ಬೋಲ್ಟು ಅಂದ್ರೆ ನಿಜಕ್ಕೂ ಒಂದು ಗಟ್ಟಿ ಸ್ಪ್ರಿಂಗ್. ಬಿಗಿ ಮಾಡಿದಾಗ ಅದು ಕೂದಲೆಳೆಯಷ್ಟು ಉದ್ದವಾಗುತ್ತದೆ, ಆ ಎಳೆತವೇ ಎರಡು ಭಾಗಗಳನ್ನು ಹಿಡಿದಿಡುವುದು. ಕಮ್ಮಿ ಬಿಗಿ ಮಾಡಿದರೆ ಅದುರಾಟಕ್ಕೆ ಸಡಿಲ ಆಗುತ್ತದೆ. ಜಾಸ್ತಿ ಮಾಡಿದರೆ ಬೋಲ್ಟು ಆವತ್ತೇ ಸೋತಿರುತ್ತದೆ, ಹೊರಗೆ ಮಾತ್ರ ಕಾಣೋಲ್ಲ. ಹಾಗಾಗಿ ಮ್ಯಾನುಯಲ್‌ನಲ್ಲಿ ಇಂತಿಷ್ಟು ನ್ಯೂಟನ್ ಮೀಟರ್ ಅಂತ ಬರೆದಿರುತ್ತಾರೆ. ರೆಂಚ್ ಅಷ್ಟಕ್ಕೆ ಬಂದಾಗ ‘ಟಕ್’ ಅನ್ನುತ್ತದೆ.

ರೆಂಚ್ ಸರಿ ಇದ್ದರೂ ಎಡವಬಹುದು. ಇಕ್ಕಟ್ಟಿನ ಜಾಗದ ನಟ್ಟು ಹಿಡಿಯೋಕೆ ತುದಿಗೆ ಒಂದು ಎಕ್ಸ್‌ಟೆನ್ಷನ್ ಹಾಕಿಕೊಳ್ಳುತ್ತಾರೆ. ರೆಂಚಿನ ಉದ್ದ 30 ಸೆಂಟಿಮೀಟರ್, ಎಕ್ಸ್‌ಟೆನ್ಷನ್ ನೇರಕ್ಕೆ ಇನ್ನೊಂದು 5 ಅಂತಿಟ್ಟುಕೊಳ್ಳಿ. ಮ್ಯಾನುಯಲ್ 70 ನ್ಯೂಟನ್ ಮೀಟರ್ ಕೇಳುತ್ತಿದೆ. ರೆಂಚನ್ನು 70ಕ್ಕೇ ಇಟ್ಟರೆ ನಟ್ಟಿಗೆ ಬೀಳುವುದು ಸುಮಾರು 82. ಯಾಕಂದ್ರೆ ಸನ್ನೆಗೋಲು ಉದ್ದವಾಯಿತು. 70ನ್ನು 30ರಿಂದ ಗುಣಿಸಿ 35ರಿಂದ ಭಾಗಿಸಿದರೆ 60 ಬರುತ್ತದೆ, ರೆಂಚನ್ನು ಅಲ್ಲಿಗೆ ಇಡಬೇಕು. ಎಂಟನೇ ಕ್ಲಾಸಿನ ಗಣಿತ. ಆದರೆ ರಾತ್ರಿ ಮೂರು ಗಂಟೆಗೆ ಮಾಡಬೇಕಾದ ಗಣಿತ.

ಟೂಲ್ ತಪ್ಪಾದರೆ ಇನ್ನೊಂದು ತಾಪತ್ರಯ ಇದೆ. ಮನುಷ್ಯ ತಪ್ಪು ಮಾಡಿದರೆ ಒಂದು ಸಲ, ಒಂದು ಕಡೆ. ಟೂಲ್ ಸುಳ್ಳು ಹೇಳತೊಡಗಿದರೆ ಅದು ಮುಟ್ಟಿದ ಎಲ್ಲ ಕಡೆಯೂ ಒಂದೇ ಸುಳ್ಳು. ವಿಮಾನ ಎಷ್ಟು ಎತ್ತರದಲ್ಲಿದೆ ಅಂತ ಪೈಲಟ್‌ಗೆ ತಿಳಿಯುವುದು ಹೊರಗಿನ ಗಾಳಿಯ ಒತ್ತಡದಿಂದ. ಆ ವ್ಯವಸ್ಥೆಯನ್ನು ನೆಲದ ಮೇಲೆ ಪರೀಕ್ಷೆ ಮಾಡೋಕೆ ಪಿಟೊ-ಸ್ಟ್ಯಾಟಿಕ್ ಟೆಸ್ಟ್ ಸೆಟ್ ಅನ್ನುವ ಪೆಟ್ಟಿಗೆ ಇದೆ. ಈಗ 29,000 ಅಡಿಯಿಂದ 41,000 ಅಡಿ ನಡುವೆ ವಿಮಾನಗಳು ಒಂದರ ಮೇಲೊಂದು ಬರೀ 1000 ಅಡಿ ಅಂತರದಲ್ಲಿ ಹಾದುಹೋಗುತ್ತವೆ. ಆ ಪೆಟ್ಟಿಗೆಯೇ ತಪ್ಪಾಗಿದ್ದರೆ ಅದರಿಂದ ಪಾಸಾದ ವಿಮಾನಗಳೆಲ್ಲ ತಪ್ಪು ಎತ್ತರವನ್ನೇ ನಿಜ ಅಂತ ನಂಬಿಕೊಂಡು ಹಾರುತ್ತವೆ.

ಅದಕ್ಕೇ ಕ್ಯಾಲಿಬ್ರೇಶನ್. ಪೆಟ್ರೋಲ್ ಬಂಕ್‌ನಲ್ಲಿ ಅನುಮಾನ ಬಂದರೆ ಐದು ಲೀಟರಿನ ಅಳತೆ ಕ್ಯಾನ್ ಕೇಳಬಹುದಲ್ವಾ? ಆ ಕ್ಯಾನಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರುತ್ತದೆ. ಇಲಾಖೆಯ ಹತ್ತಿರ ಅದಕ್ಕಿಂತ ನಿಖರವಾದ ಅಳತೆ ಇರುತ್ತದೆ. ಹೀಗೆ ಮೇಲೆ ಮೇಲೆ ಹೋದರೆ ಕೊನೆಗೆ ದೇಶದ ಮೂಲ ಅಳತೆ. ಹ್ಯಾಂಗರ್‌ನ ರೆಂಚಿಗೂ ಇಂಥದೇ ವಂಶವೃಕ್ಷ ಬೇಕು. ರೆಂಚನ್ನು ಪರೀಕ್ಷಿಸಿದ ಲ್ಯಾಬಿಗೆ ಎನ್‌ಎಬಿಎಲ್ ಅನ್ನುವ ಸಂಸ್ಥೆಯ ಮಾನ್ಯತೆ, ಆ ಲ್ಯಾಬಿನ ಉಪಕರಣಕ್ಕೆ ಇನ್ನೂ ಮೇಲಿನ ಲ್ಯಾಬಿನ ಸರ್ಟಿಫಿಕೇಟ್, ಕೊನೆಗೆ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಇಟ್ಟುಕೊಂಡಿರುವ ರಾಷ್ಟ್ರೀಯ ಅಳತೆ. ಈ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟುಹೋದರೂ ಸ್ಟಿಕರ್ ಬರೀ ಸ್ಟಿಕರ್.

ಎಷ್ಟು ದಿನಕ್ಕೊಮ್ಮೆ? ಟಾರ್ಕ್ ರೆಂಚಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 6789 ಹೇಳುವುದು, ಬೇರೆ ಲೆಕ್ಕ ಇಲ್ಲದಿದ್ದರೆ 12 ತಿಂಗಳು ಅಥವಾ 5000 ಸಲದ ಬಳಕೆ, ಯಾವುದು ಮೊದಲೋ ಅದು. ತಯಾರಕರು ಹೇಳಿದ ಗಡುವನ್ನು ಸಂಸ್ಥೆ ಬದಲಿಸಬಹುದು, ಆದರೆ ಸುಮ್ನೆ ಅಲ್ಲ. ಹಿಂದಿನ ಪರೀಕ್ಷೆಗಳ ಫಲಿತಾಂಶ ತೋರಿಸಿ, ಇದು ಇಷ್ಟು ದಿನ ನಿಲ್ಲುತ್ತದೆ ಅಂತ ಸಾಬೀತು ಮಾಡಬೇಕು. ಗಡುವು ದಾಟಿದ ಟೂಲ್ ಡ್ರಾಯರ್‌ನಲ್ಲಿ ಇರುವುದೇ ತಪ್ಪು. ಅದು ಬೀಗ ಹಾಕಿದ ಬೇರೆ ಕಪಾಟಿನಲ್ಲಿ ಇರಬೇಕು. ಯಾರೋ ತುರ್ತಿಗೆ ಕೈ ಹಾಕಿದಾಗ ಸಿಗಬಾರದು.

ತುರ್ತಿಗೆ ಕೈ ಹಾಕಿದರೆ ಏನಾಗುತ್ತದೆ ಅನ್ನೋದಕ್ಕೆ 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ 5390 ನೋಡಿ. ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬಿಎಸಿ ಒನ್-ಇಲೆವೆನ್ ವಿಮಾನ 17,300 ಅಡಿ ಏರಿದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ. ಸಿಬ್ಬಂದಿ ಕಾಲು ಹಿಡಿದುಕೊಂಡರು, ಸಹಪೈಲಟ್ ಸೌತ್‌ಹ್ಯಾಂಪ್ಟನ್‌ನಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಈ ಕಥೆ ಹೇಳುವವರೆಲ್ಲ ಬೋಲ್ಟಿನ ವಿಷಯ ಹೇಳುತ್ತಾರೆ. ಹಾರಾಟಕ್ಕೆ ಸುಮಾರು 27 ಗಂಟೆ ಮೊದಲು, ರಾತ್ರಿ ಪಾಳಿಯಲ್ಲಿ ಗಾಜು ಬದಲಿಸಿದಾಗ ಹಾಕಿದ 90 ಬೋಲ್ಟುಗಳಲ್ಲಿ 84 ಸ್ವಲ್ಪ ಸಣ್ಣವು, ಉಳಿದ 6 ಸ್ವಲ್ಪ ಗಿಡ್ಡ. ಅದು ನಿಜ. ಆದರೆ ನನಗೆ ಆ ರಾತ್ರಿಯ ಟೂಲ್‌ಗಳದ್ದೇ ಜಾಸ್ತಿ ಕುತೂಹಲ.

ಸ್ಟೋರ್‌ನಲ್ಲಿ ಗಡುವಿನೊಳಗಿನ ಟಾರ್ಕ್ ಸ್ಕ್ರೂಡ್ರೈವರ್ ಸಿಗಲಿಲ್ಲ. ಇದ್ದುದನ್ನೇ ಅಲ್ಲೇ ಸೆಟ್ ಮಾಡಿಕೊಂಡರು. ಸ್ಕ್ರೂಡ್ರೈವರ್‌ನ ತುದಿಗೆ ಸಿಕ್ಕಿಸುವ ಬಿಟ್ ಅನ್ನು ಹಿಡಿದಿಡಬೇಕಾದ ಹೋಲ್ಡರ್ ಸವೆದಿತ್ತು, ಬಿಟ್ ಬಿದ್ದುಹೋಗುತ್ತಿತ್ತು. ಹಾಗಾಗಿ ಇನ್ನೊಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕೆಲಸ. ಆ ಕೈ ಬೋಲ್ಟಿನ ತಲೆಯನ್ನು ಮರೆ ಮಾಡಿತು. ಸಣ್ಣ ಬೋಲ್ಟು ಕುಳಿಯಲ್ಲಿ ಹೆಚ್ಚು ಆಳಕ್ಕೆ ಕೂತಿರುವುದು ಕಾಣಬೇಕಿತ್ತು, ಕಾಣಲಿಲ್ಲ. ನಿಂತ ಅಟ್ಟಣೆಯೂ ಗಾಜಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ಚಾಚಿಕೊಂಡು ಮಾಡಬೇಕಿತ್ತು. ಅಟ್ಟಣೆ ಸರಿ ಇರಬೇಕು ಅನ್ನುವ ನಿಯಮ ಯಾಕೆ ಟೂಲ್‌ನ ಕಲಮಿನಲ್ಲೇ ಇದೆ ಅಂತ ಈಗ ಗೊತ್ತಾಯಿತಲ್ವಾ. ಕೈಗೆ ಎಟುಕದ್ದು ಕಣ್ಣಿಗೂ ಎಟುಕೋಲ್ಲ.

ಬದಲಿ ಟೂಲ್ ವಿಷಯ ಇನ್ನೂ ಸೂಕ್ಷ್ಮ. ವಿಮಾನ ತಯಾರಕರ ಅಸಲಿ ಟೂಲ್‌ಗಳು ದುಬಾರಿ, ಬರೋಕೆ ವಾರಗಟ್ಟಲೆ ಬೇಕು. ನಮ್ಮ ಪೀಣ್ಯದಲ್ಲಿ ನಕ್ಷೆ ಕೊಟ್ಟರೆ ಒಂದು ವಾರದಲ್ಲಿ ಮಾಡಿಕೊಡುವವರು ಇರುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ. ನಿಯಮ ಅದನ್ನು ಬೇಡ ಅನ್ನುವುದಿಲ್ಲ. ಆದರೆ ಸರಿಸಮ ಅಂತ ತೋರಿಸಬೇಕು. ನಕ್ಷೆ, ಲೋಹ, ಅಳತೆ, ತಾಳುವ ಭಾರ ಎಲ್ಲ ಹೋಲಿಸಿ, ಎಂಒಇಯಲ್ಲಿ ಒಪ್ಪಿಸಿಕೊಂಡ ದಾರಿಯಲ್ಲೇ ಹೋಗಿ, ಅದಕ್ಕೊಂದು ನಂಬರ್ ಕೊಟ್ಟು ಒಳಗೆ ಸೇರಿಸಬೇಕು. ಎರಡೂ ನೋಡೋಕೆ ಒಂದೇ ಥರ ಇವೆ ಅನ್ನೋದು ಉತ್ತರ ಅಲ್ಲ.

ಅಲಾಸ್ಕಾ ಏರ್‌ಲೈನ್ಸ್ 261 ಇದಕ್ಕೆ ಉದಾಹರಣೆ. 2000ದ ಜನವರಿ 31ರಂದು ಈ ಎಂಡಿ-83 ಕ್ಯಾಲಿಫೋರ್ನಿಯಾ ತೀರದಲ್ಲಿ ಸಮುದ್ರಕ್ಕೆ ಬಿತ್ತು. 88 ಜನ ಸತ್ತರು. ಬಾಲದ ರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ಒಂದು ಉದ್ದನೆಯ ಸ್ಕ್ರೂ ಇದೆ, ಜ್ಯಾಕ್‌ಸ್ಕ್ರೂ. ಅದರ ನಟ್ಟಿನ ಒಳಗಿನ ಎಳೆಗಳು ಗ್ರೀಸ್ ಇಲ್ಲದೆ ಸವೆದು ಹೋಗಿದ್ದವು. ಎಷ್ಟು ಸವೆದಿದೆ ಅಂತ ನೋಡೋಕೆ ಒಂದು ಹಿಡಿಕೆಯನ್ನು ಕಟ್ಟಿ, ಬಾಲದ ರೆಕ್ಕೆಯನ್ನು ಎಳೆದು ಬಿಟ್ಟು, ಎಷ್ಟು ಆಡುತ್ತದೆ ಅಂತ ಅಳೆಯುತ್ತಾರೆ. ಮಿತಿ 0.040 ಇಂಚು, ಹತ್ತಿರ ಹತ್ತಿರ ಒಂದು ಮಿಲಿಮೀಟರ್.

1997ರ ಸೆಪ್ಟೆಂಬರ್‌ನಲ್ಲಿ ಇದೇ ವಿಮಾನದಲ್ಲಿ ಅಳೆದಾಗ ಬಂದದ್ದು ಸರಿಯಾಗಿ 0.040. ನಟ್ಟು ಬದಲಿಸಬೇಕು ಅಂತ ಮೊದಲು ಬರೆದರು. ಎರಡು ಮೂರು ದಿನ ಬಿಟ್ಟು ಮತ್ತೆ ಮತ್ತೆ ಅಳೆದರು. ಆಗ 0.033 ಬಂತು. ವಿಮಾನ ಹೊರಗೆ ಹೋಯಿತು. ತನಿಖೆಯಲ್ಲಿ ಇನ್ನೊಂದು ಗೊತ್ತಾಯಿತು. ಆ ಕಂಪನಿ ಬಳಸುತ್ತಿದ್ದ ಹಿಡಿಕೆಗಳು ತಮ್ಮ ವರ್ಕ್‌ಶಾಪ್‌ನಲ್ಲೇ ಮಾಡಿದವು, ಬೋಯಿಂಗ್ ಹೇಳಿದ ಅಳತೆಗೆ ಹೊಂದುತ್ತಿರಲಿಲ್ಲ. ಈ ಹಿಡಿಕೆಯಿಂದಲೇ ಅಪಘಾತ ಆಯಿತು ಅಂತ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಹೇಳಲಿಲ್ಲ. ಕೊನೆಯ ಅಳತೆ ತಪ್ಪಾಗಿತ್ತಾ ಇಲ್ಲವಾ ಅಂತ ತೀರ್ಮಾನ ಮಾಡೋಕೆ ಆಗಲಿಲ್ಲ ಅಂತಲೇ ಬರೆಯಿತು. ನನಗೆ ಅದೇ ಭಯಂಕರ ಅನ್ನಿಸುತ್ತದೆ. ಟೂಲ್ ಸರಿ ಇಲ್ಲದಿದ್ದರೆ ಉತ್ತರ ತಪ್ಪಾಗುತ್ತದೆ ಅಂತಲ್ಲ, ಉತ್ತರವೇ ಇಲ್ಲದ ಹಾಗೆ ಆಗುತ್ತದೆ.

ಅಲ್ಲಿ ನಿಯಂತ್ರಕರ ಪಾಲೂ ಇತ್ತು. ಗ್ರೀಸ್ ಹಾಕುವ ಮತ್ತು ಈ ಅಳತೆ ಮಾಡುವ ನಡುವಿನ ಅವಧಿಯನ್ನು ಕಂಪನಿ ಉದ್ದ ಮಾಡುತ್ತಾ ಹೋಗಿತ್ತು, ಎಫ್‌ಎಎ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಎರಡನ್ನೂ ವರದಿ ಅಪಘಾತದ ಕಾರಣಗಳ ಸಾಲಿನಲ್ಲೇ ಸೇರಿಸಿದೆ.

ಇನ್ನು 1979ರ ಮೇ 25ರ ಷಿಕಾಗೊ ದುರಂತ, ಅಮೆರಿಕನ್ ಏರ್‌ಲೈನ್ಸ್ 191. ಡಿಸಿ-10ರ ಎಂಜಿನ್ ಮತ್ತು ಅದನ್ನು ಹಿಡಿದ ಪೈಲಾನನ್ನು ಬೇರೆ ಬೇರೆಯಾಗಿ ಇಳಿಸಬೇಕು ಅಂತ ತಯಾರಕರ ಕ್ರಮ. ಕಂಪನಿಯವರು ಫೋರ್ಕ್‌ಲಿಫ್ಟ್ ತಂದು ಎರಡನ್ನೂ ಒಟ್ಟಿಗೆ ಇಳಿಸತೊಡಗಿದರು. ವಿಮಾನಕ್ಕೆ ಸುಮಾರು 200 ಮಾನವ-ಗಂಟೆಗಳ ಕೆಲಸ ಉಳಿಯುತ್ತಿತ್ತು. ಫೋರ್ಕ್‌ಲಿಫ್ಟ್ ಗೋಡೌನಿನಲ್ಲಿ ಭಾರ ಎತ್ತೋಕೆ ಮಾಡಿದ ಯಂತ್ರ, ಕೂದಲೆಳೆ ಲೆಕ್ಕದಲ್ಲಿ ಜೋಡಿಸೋಕೆ ಅಲ್ಲ. ಪೈಲಾನ್ ಬಿರುಕು ಬಿಟ್ಟಿತು, ಎಂಟು ವಾರ ಆದಮೇಲೆ ಟೇಕಾಫ್ ಹೊತ್ತಿಗೆ ಎಂಜಿನ್ ಕಳಚಿಬಿತ್ತು. ನೆಲದ ಮೇಲಿದ್ದ ಇಬ್ಬರೂ ಸೇರಿ 273 ಜನ ಹೋದರು. ಆ ಕಾಲದಲ್ಲಿ ಹೀಗೆ ಕ್ರಮ ಬದಲಿಸೋಕೆ ಎಫ್‌ಎಎಯ ಒಪ್ಪಿಗೆ ಬೇಕಿರಲಿಲ್ಲ. ಬದಲಿ ಟೂಲ್‌ಗೆ ಒಪ್ಪಿಗೆ ಬೇಕು ಅನ್ನುವ ಇವತ್ತಿನ ಸಾಲನ್ನು ಓದುವಾಗ ನನಗೆ ಆ ಫೋರ್ಕ್‌ಲಿಫ್ಟ್ ನೆನಪಾಗುತ್ತದೆ.

ಟೂಲ್ ಸರಿ ಇದೆ, ಕೆಲಸವೂ ಸರಿ ಆಯಿತು. ಆಮೇಲೆ ಟೂಲ್ ಎಲ್ಲಿ? ಚೆನ್ನಾಗಿ ನಡೆಯುವ ಹ್ಯಾಂಗರ್‌ಗಳಲ್ಲಿ ಪ್ರತಿ ಸ್ಪ್ಯಾನರ್‌ಗೂ ಫೋಮ್‌ನಲ್ಲಿ ಅದರದೇ ಆಕಾರದ ಗುಂಡಿ ಕೊರೆದಿರುತ್ತಾರೆ. ಇಲ್ಲವೇ ಬೋರ್ಡಿನ ಮೇಲೆ ಅದರ ನೆರಳು ಬರೆದಿರುತ್ತಾರೆ. ಟೂಲ್ ತೆಗೆದವರು ತಮ್ಮ ನಂಬರಿನ ಟೋಕನ್ ಅಲ್ಲಿ ನೇತುಹಾಕಬೇಕು. ಶಿಫ್ಟ್ ಮುಗಿದಾಗ ಎಣಿಸುವ ಕಷ್ಟವೇ ಇಲ್ಲ, ಖಾಲಿ ಗುಂಡಿ ತಾನೇ ಕರೆಯುತ್ತದೆ. ಮನೆಯಿಂದ ತಂದ ಸ್ವಂತ ಟೂಲ್‌ಗೂ ಇದೇ ಲೆಕ್ಕ ಅನ್ವಯಿಸಬೇಕು, ಎಡವಟ್ಟು ಆಗೋದು ಹೆಚ್ಚಾಗಿ ಅಲ್ಲೇ.

ಕ್ವಾಂಟಾಸ್‌ನ ಒಂದು ಎ380 ವಿಮಾನದ ಎಂಜಿನ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ 1.25 ಮೀಟರ್ ಉದ್ದದ ನೈಲಾನ್ ಟೂಲ್ ಉಳಿದುಹೋಯಿತು. ಎಂಜಿನ್ ಒಳಗೆ ಕ್ಯಾಮೆರಾ ಬಿಟ್ಟು ನೋಡುವಾಗ ಕಂಪ್ರೆಸರ್ ತಿರುಗಿಸೋಕೆ ಬಳಸುವ ಟೂಲ್ ಅದು. ವಿಮಾನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ 34 ಸಲ, ಒಟ್ಟು ಸುಮಾರು 294 ಗಂಟೆ ಹಾರಿತು. ಇದು ಸಣ್ಣ ಸ್ಕ್ರೂ ಅಲ್ಲ ನೋಡಿ, ಐದು ವರ್ಷದ ಮಗುವಿಗಿಂತ ಉದ್ದ. ಟೂಲ್ ಕಾಣೆಯಾಗಿದೆ ಅಂತ ಗೊತ್ತೂ ಆಗಿತ್ತು. ಕಳೆದುಹೋದ ಟೂಲ್ ಹುಡುಕುವ ಕ್ರಮ ಶುರು ಮಾಡದೆಯೇ ವಿಮಾನ ಬಿಟ್ಟುಕೊಟ್ಟರು ಅಂತ ಆಸ್ಟ್ರೇಲಿಯಾದ ತನಿಖಾ ಸಂಸ್ಥೆ 2024ರಲ್ಲಿ ಹೇಳಿತು. ಬೋರ್ಡಿನಲ್ಲಿ ಖಾಲಿ ಗುಂಡಿ ಇದ್ದರೆ ಸಾಲದು. ಅದನ್ನು ನೋಡಿ ವಿಮಾನ ನಿಲ್ಲಿಸುವ ಧೈರ್ಯ ಒಬ್ಬರಿಗೆ ಇರಬೇಕು.

ನಮ್ಮಲ್ಲೂ ಇದು ಹೊಸತಲ್ಲ. 2025ರ ಜೂನ್‌ನಲ್ಲಿ ಡಿಜಿಸಿಎ ತಂಡಗಳು ದೆಹಲಿ, ಮುಂಬೈ ಸೇರಿದಂತೆ ದೊಡ್ಡ ನಿಲ್ದಾಣಗಳಲ್ಲಿ ರಾತ್ರಿ ಮತ್ತು ಬೆಳಗಿನ ಜಾವ ತಪಾಸಣೆ ಮಾಡಿದವು. ಕಂಡ ಲೋಪಗಳ ಪಟ್ಟಿ ಹೊರಬಂತು, ಕಂಪನಿಗಳ ಹೆಸರಿಲ್ಲದೆ. ಅದರಲ್ಲಿ ಟೂಲ್ ನಿಯಂತ್ರಣದ ಕ್ರಮ ಪಾಲಿಸಿರಲಿಲ್ಲ ಅನ್ನುವ ಸಾಲೂ ಇತ್ತು. ರಾತ್ರಿ ಹೋದದ್ದು ಒಳ್ಳೆಯದಾಯಿತು. ಹಗಲು ಹನ್ನೊಂದು ಗಂಟೆಗೆ ಟೂಲ್ ಸ್ಟೋರ್ ಎಲ್ಲಿ ನೋಡಿದರೂ ಚೆನ್ನಾಗೇ ಇರುತ್ತದೆ.

ಲೋಪ ಸಿಕ್ಕರೆ ಅದಕ್ಕೆ ಎರಡು ದರ್ಜೆ. ಹಾರಾಟಕ್ಕೇ ಅಪಾಯ ಅನ್ನುವಂಥದ್ದು ಲೆವೆಲ್ ಒಂದು. ಅಲ್ಲಿ ಒಪ್ಪಿಗೆಯನ್ನೇ ತಡೆಹಿಡಿಯಬಹುದು. ಉಳಿದದ್ದು ಲೆವೆಲ್ ಎರಡು, ಸರಿಮಾಡೋಕೆ ಗಡುವು ಕೊಡುತ್ತಾರೆ. ಒಂದು ಸ್ಟಿಕರ್ ತಾರೀಕು ದಾಟಿದ್ದು ಎರಡನೇ ದರ್ಜೆ ಇರಬಹುದು. ಅದೇ ರೆಂಚಿನಿಂದ ಎಂಜಿನ್ ಬೋಲ್ಟು ಬಿಗಿ ಮಾಡಿದ್ದರೆ ಮಾತು ಬೇರೆ.

ಖರ್ಚಿನ ಮಾತೂ ಇದೆ. ವರ್ಷಕ್ಕೊಮ್ಮೆ ಬೇಕಾಗುವ ಟೂಲ್‌ಗೆ ಲಕ್ಷಗಟ್ಟಲೆ ಸುರಿದು ಕಪಾಟಿನಲ್ಲಿ ಇಡಬೇಕಾ? ನಿಯಮ ಇಲ್ಲಿ ಜಾಣತನದಿಂದ ಸಡಿಲ ಬಿಟ್ಟಿದೆ. ಅಪರೂಪಕ್ಕೆ ಬೇಕಾಗುವುದನ್ನು ಬಾಡಿಗೆಗೆ ತರಬಹುದು, ಆದರೆ ಎಲ್ಲಿಂದ, ಹೇಗೆ ಅಂತ ಎಂಒಇಯಲ್ಲಿ ಬರೆದಿರಬೇಕು. ಹಾಗೆ ತಂದ ಟೂಲ್‌ನ ಸ್ಟಿಕರ್ ನೋಡುವ ಹೊಣೆ ತಂದವರದೇ. 2024ರ ಜುಲೈನಿಂದ ವಿಮಾನದ ಬಿಡಿಭಾಗ, ಪರೀಕ್ಷಾ ಉಪಕರಣ ಮತ್ತು ಟೂಲ್‌ಗಳ ಆಮದಿಗೆ ಐಜಿಎಸ್‌ಟಿ ತೆರಿಗೆ ಒಂದೇ ಸಮ 5 ಶೇಕಡ ಆಯಿತು. ಅಸಲಿ ಟೂಲ್ ತರಿಸೋಕೆ ಇದ್ದ ಒಂದು ನೆಪ ಕಮ್ಮಿಯಾಯಿತು ಅನ್ನಿ.

ಇಷ್ಟೆಲ್ಲ ದಾಖಲೆ ನಿಜಕ್ಕೂ ಕೆಲಸಕ್ಕೆ ಬರುವುದು ಒಂದು ದಿನ. ಲ್ಯಾಬಿಗೆ ಕಳಿಸಿದ ರೆಂಚ್ ವಾಪಸ್ ಬರುತ್ತದೆ, ಜೊತೆಗೊಂದು ಸರ್ಟಿಫಿಕೇಟ್. ಬಂದಾಗ ಸ್ಥಿತಿ ಅನ್ನುವ ಕಾಲಮ್ಮಿನಲ್ಲಿ ಮಿತಿ ಮೀರಿದೆ ಅಂತ ಬರೆದಿರುತ್ತದೆ. ಲ್ಯಾಬಿನವರು ಸರಿ ಮಾಡಿಯೇ ಕಳಿಸಿರುತ್ತಾರೆ, ಈಗ ಅದು ಚೆನ್ನಾಗಿದೆ. ಆದರೆ ಹೋದ ಸಲದ ಪರೀಕ್ಷೆಯಿಂದ ಇವತ್ತಿನವರೆಗೆ ಅದು ಯಾವತ್ತಿನಿಂದ ಸುಳ್ಳು ಹೇಳುತ್ತಿತ್ತು? ಯಾರಿಗೂ ಗೊತ್ತಿಲ್ಲ. ಹಾಗಾಗಿ ಇಡೀ ಅವಧಿಯನ್ನೇ ಅನುಮಾನದಲ್ಲಿ ನೋಡಬೇಕು. ಸ್ಟೋರ್‌ನವರು ರಿಜಿಸ್ಟರ್ ತೆಗೆದು ಆ ನಂಬರಿನ ಮುಂದೆ ಬೆರಳಿಟ್ಟು ಹಿಂದಕ್ಕೆ ಹೋಗುತ್ತಾರೆ. ಯಾವ ವಿಮಾನ, ಯಾವ ವರ್ಕ್ ಕಾರ್ಡ್, ಯಾವ ಬೋಲ್ಟು. ಕೆಲವು ಬೋಲ್ಟಿಗೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ ಅಂತ ಎಂಜಿನಿಯರ್ ಬರೆದು ಸಹಿ ಹಾಕುತ್ತಾರೆ. ಕೆಲವನ್ನು ಮತ್ತೆ ನೋಡಲೇಬೇಕು. ಅಷ್ಟರಲ್ಲಿ ಒಂದು ವಿಮಾನ ಲೀಸ್ ಮುಗಿದು ಬೇರೆ ದೇಶಕ್ಕೆ, ಬೇರೆ ಹೆಸರಿನಲ್ಲಿ, ಬೇರೆ ಬಣ್ಣ ಬಳಿದುಕೊಂಡು ಹೋಗಿರುತ್ತದೆ. ಅಲ್ಲಿಗೂ ಪತ್ರ ಹೋಗಬೇಕು, ರೆಂಚಿನ ನಂಬರ್ ಸಮೇತ.